ಎಲ್ಲವೂ ಒಳ್ಳೆಯ ಮಾಲೇ, ಆದರೆ ಒಂದಕ್ಕೊಂದು ಕೂಡುತ್ತವೆಯೇ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿರುವ ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಗೇಮ್ ಆಡಲು ಮೊದಲ ಸಲ ಸ್ವಂತ ಕೈಯಿಂದ ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಪಟ್ಟಿ ಹೀಗಿದೆ: ರೈಝೆನ್ 5 5600 ಪ್ರೊಸೆಸರ್, ಬಿ650ಎಂ ಮದರ್‌ಬೋರ್ಡ್, ಅಣ್ಣನ ಹಳೆಯ ಕಂಪ್ಯೂಟರಿನಿಂದ ತೆಗೆದುಕೊಳ್ಳುವ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಕ್ಯಾಬಿನೆಟ್ ಜೊತೆಗೇ ಬರುವ 450 ವಾಟ್ ಎಸ್‌ಎಂಪಿಎಸ್. ‘ಎಲ್ಲ ಕೂಡುತ್ತದೆ, ಚಿಂತೆ ಬೇಡ’ ಎಂದು ಗೆಳೆಯರು ಹೇಳುತ್ತಾರೆ. ಹಣ ಕೊಡುವ ಮೊದಲೇ ಅದನ್ನು ನಾನೇ ತಿಳಿದುಕೊಳ್ಳುವುದು ಹೇಗೆ?

ಉತ್ತರ: ಕೂಡುವುದಿಲ್ಲ. ನಿಮ್ಮ ಪ್ರೊಸೆಸರ್ ಆ ಬೋರ್ಡಿನ ಮೇಲೆ ಕೂರುವುದಿಲ್ಲ, ಅಣ್ಣನ ರ‍್ಯಾಮ್ ಅದರ ಸ್ಲಾಟಿಗೆ ಇಳಿಯುವುದಿಲ್ಲ. ಆದರೂ ಇವೆರಡೂ ಸಣ್ಣ ತಪ್ಪುಗಳೇ. ಪೆಟ್ಟಿಗೆ ಬಿಚ್ಚಿದ ಐದು ನಿಮಿಷದಲ್ಲಿ ಗೊತ್ತಾಗುತ್ತವೆ, ಬೈಸಿಕೊಂಡಾದರೂ ಬದಲಿಸಿಕೊಂಡು ಬರಬಹುದು. ನನಗೆ ಹೆದರಿಕೆ ಹುಟ್ಟಿಸಿದ್ದು ಪಟ್ಟಿಯ ಕೊನೆಯ ಸಾಲು. ಆ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ, ತಕರಾರಿಲ್ಲದೆ ಕೂರುತ್ತದೆ, ಕಂಪ್ಯೂಟರ್ ಶುರುವೂ ಆಗುತ್ತದೆ. ಅದರ ಬಣ್ಣ ಬಯಲಾಗುವುದು ಆಮೇಲೆ, ಆಟ ರಂಗೇರಿದ ಹೊತ್ತಿನಲ್ಲಿ.

ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣ ಆರಿಸುವಾಗ ನಿಮ್ಮ ಮನೆಯ ಹೆಂಗಸರು ಎರಡನ್ನೂ ಪಕ್ಕಪಕ್ಕ ಹಿಡಿದು, ಅಂಗಡಿಯ ಹೊರಗೆ ಬಂದು ಬಿಸಿಲಿಗೆ ಒಡ್ಡಿ ನೋಡುವುದನ್ನು ಕಂಡಿರುತ್ತೀರಿ. ಕಂಪ್ಯೂಟರಿನಲ್ಲಿ ಸೀರೆಯ ಜಾಗದಲ್ಲಿರುವುದು ಮದರ್‌ಬೋರ್ಡ್. ಉಳಿದ ಪ್ರತಿಯೊಂದನ್ನೂ ಅದರ ಪಕ್ಕ ಹಿಡಿದೇ ನೋಡಬೇಕು.

ಬಿ650 ಬೋರ್ಡಿನ ಅಂಕಿ ಬಿ550 ಬೋರ್ಡಿನದಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂದು ನೀವು ಆ ಬೋರ್ಡನ್ನು ಆರಿಸಿರಬೇಕು. ಇಲ್ಲಿ ಅಂಕಿಗಿಂತ ಮುಖ್ಯವಾದದ್ದು ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಚೌಕ. ರೈಝೆನ್ 5 5600 ಕೂರುವುದು ಎಎಂ4 ಸಾಕೆಟ್ಟಿನಲ್ಲಿ. 2017ರ ಮೊದಲ ರೈಝೆನ್‌ಗಳಿಂದ 5000 ಸರಣಿಯವರೆಗೆ ಅದೇ ನಡೆಯಿತು. 2022ರಲ್ಲಿ ರೈಝೆನ್ 7000 ಸರಣಿಯೊಂದಿಗೆ ಎಎಂ5 ಬಂತು. ಬಿ650 ಇರುವುದು ಅದಕ್ಕಾಗಿ. ಎಎಂ4ರಲ್ಲಿ ಸೂಜಿಯಂಥ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿರುತ್ತವೆ, ಎಎಂ5ರಲ್ಲಿ ಬೋರ್ಡಿನ ಮೇಲಿರುತ್ತವೆ. ಎಷ್ಟು ತಿರುಗಿಸಿದರೂ ಒಂದರಲ್ಲಿ ಇನ್ನೊಂದು ಕೂರದು. ಒತ್ತಿದರೆ ಪಿನ್ನು ಬಾಗುತ್ತದೆ, ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ.

ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳನ್ನು ಕೈಯಲ್ಲಿ ಹಿಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ: ಅದೇ ಉದ್ದ, ಎರಡಕ್ಕೂ 288 ಚಿನ್ನದ ಬಣ್ಣದ ಹಲ್ಲುಗಳು. ಹಲ್ಲುಸಾಲಿನ ನಡುವಿನ ಕಚ್ಚನ್ನು ನೋಡಿ, ಅದರ ಜಾಗ ಬೇರೆ. ತಪ್ಪು ರ‍್ಯಾಮ್ ಇಳಿಯಬಾರದೆಂದೇ ಆ ಕಚ್ಚನ್ನು ಸರಿಸಿದ್ದಾರೆ. ಆದ್ದರಿಂದ ‘ಸ್ವಲ್ಪ ಬಿಗಿ ಇದೆ, ಒತ್ತಿದರೆ ಹೋಗುತ್ತದೆ’ ಎಂದು ಯಾರಾದರೂ ಅಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ.

ನಿಮ್ಮ ಮುಂದೆ ಈಗ ಎರಡು ದಾರಿಗಳಿವೆ. ಬೋರ್ಡ್ ಉಳಿಸಿಕೊಂಡು ರೈಝೆನ್ 5 7600 ಅಥವಾ 7500ಎಫ್ ಪ್ರೊಸೆಸರಿಗೂ ಡಿಡಿಆರ್5 ರ‍್ಯಾಮಿಗೂ ಹೋಗುವುದು ಒಂದು. ಪ್ರೊಸೆಸರ್ ಮತ್ತು ಅಣ್ಣನ ರ‍್ಯಾಮ್ ಉಳಿಸಿಕೊಂಡು, ಎಎಂ4 ಸಾಕೆಟ್ಟೂ ಡಿಡಿಆರ್4 ಸ್ಲಾಟೂ ಇರುವ ಬಿ550 ಬೋರ್ಡ್ ತರುವುದು ಇನ್ನೊಂದು. ಹೊಸ ಸಾಕೆಟ್ಟಿಗೆ ಮುಂದೆಯೂ ಪ್ರೊಸೆಸರ್‌ಗಳು ಬರುತ್ತವೆ ಎಂಬ ಕಾರಣಕ್ಕೆ ಬೇರೆಯವರಿಗೆ ಮೊದಲನೆಯದನ್ನೇ ಹೇಳುತ್ತಿದ್ದೆ. ಆದರೆ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಏರಿದ ಪರಿ ನೋಡಿದರೆ, ಮನೆಯಲ್ಲೇ 16 ಜಿಬಿ ಬಿದ್ದಿರುವಾಗ ಅದನ್ನು ಬಿಟ್ಟು ಹೊಸದಕ್ಕೆ ಸುರಿಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಿ550 ತನ್ನಿ.

ತರುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ. ಬೋರ್ಡಿನ ಪೂರ್ತಿ ಹೆಸರನ್ನು, ಬಾಲದ ಅಕ್ಷರಗಳ ಸಮೇತ, ಬರೆದುಕೊಳ್ಳಿ. ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಆ ಬೋರ್ಡಿನ ಪುಟ ತೆರೆದರೆ ‘ಸಪೋರ್ಟ್’ ಎಂಬ ವಿಭಾಗದಲ್ಲಿ ಅದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಸಿಗುತ್ತದೆ. ಪ್ರತಿ ಪ್ರೊಸೆಸರಿನ ಎದುರು ಯಾವ ಬಯಾಸ್ (ಬೋರ್ಡಿನೊಳಗೇ ಇದ್ದು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಆವೃತ್ತಿಯಿಂದ ಅದು ನಡೆಯುತ್ತದೆ ಎಂದೂ ಬರೆದಿರುತ್ತದೆ. ಆ ಕೊನೆಯ ಕಾಲಮ್ಮನ್ನು ಓದದೆ ಬಿಡುವವರೇ ಹೆಚ್ಚು. ಸಾಕೆಟ್ ಒಂದೇ ಇದ್ದರೂ ಬೋರ್ಡಿನೊಳಗಿನ ಬಯಾಸ್ ಹಳೆಯದಿದ್ದರೆ ಅದು ಹೊಸ ಪ್ರೊಸೆಸರಿನ ಗುರುತು ಹಿಡಿಯುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಬಿ450ರಂಥ ಹಳೆಯ ಬೋರ್ಡ್ ಅಗ್ಗಕ್ಕೆ ಸಿಕ್ಕಿತೆಂದು ತಂದವರಿಗೆ ಈ ಅನುಭವ ಹೆಚ್ಚು. ಬಯಾಸ್ ಏರಿಸಲು ಆ ಬೋರ್ಡ್ ಗುರುತಿಸುವ ಹಳೆಯ ಪ್ರೊಸೆಸರೊಂದು ಬೇಕಾಗುತ್ತದೆ. ಕೆಲವು ಬೋರ್ಡುಗಳಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುತ್ತದೆ, ಅದಿದ್ದರೆ ಪ್ರೊಸೆಸರೇ ಇಲ್ಲದೆ ಪೆನ್‌ಡ್ರೈವಿನಿಂದ ಏರಿಸಬಹುದು. ಬೋರ್ಡ್, ಪ್ರೊಸೆಸರ್ ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡು, ಅಲ್ಲೇ ಒಮ್ಮೆ ಪರದೆ ಬೆಳಗಿಸಿ ತೋರಿಸಿ ಎಂದು ಕೇಳುವುದು ಎಲ್ಲಕ್ಕಿಂತ ಸುಲಭ. ಹುಬ್ಬಳ್ಳಿಗೋ ಬೆಂಗಳೂರಿನ ಎಸ್‌.ಪಿ. ರಸ್ತೆಗೋ ಹೋಗಿ ತರುವವರಿಗಂತೂ ಇದು ಬಸ್ ಚಾರ್ಜಿನ ಪ್ರಶ್ನೆಯೂ ಹೌದು.

ಎಎಂಡಿ ಕಂಪನಿಯ ರೈಝೆನ್ ಬಿಟ್ಟು ಇಂಟೆಲ್ ಕಡೆ ಹೊರಳುವ ಮನಸ್ಸಾದರೆ ಇಷ್ಟು ನೆನಪಿರಲಿ. 12, 13, 14ನೇ ಪೀಳಿಗೆಯವು ಎಲ್‌ಜಿಎ1700 ಸಾಕೆಟ್ಟಿನಲ್ಲಿ ಕೂರುತ್ತವೆ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ1851 ಬೇಕು. 1700ರ ಬೋರ್ಡುಗಳಲ್ಲಿ ಡಿಡಿಆರ್4ರದ್ದೂ ಇವೆ, ಡಿಡಿಆರ್5ರದ್ದೂ ಇವೆ. ಹೆಸರಿನ ಕೊನೆಯಲ್ಲಿ ‘ಡಿ4’ ಎಂದಿದೆಯೇ ನೋಡಿ. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ನಿಮ್ಮ 5600ರಲ್ಲಿ ಎಫ್ ಇಲ್ಲದಿದ್ದರೂ ಗ್ರಾಫಿಕ್ಸ್ ಇಲ್ಲ, 5600ಜಿಯಂಥ ‘ಜಿ’ ಇರುವವುಗಳಲ್ಲಿ ಮಾತ್ರ ಇದೆ. ಅಂದರೆ ಕಾರ್ಡನ್ನು ದೀಪಾವಳಿಗೆ ಕೊಂಡರಾಯಿತು, ಅಲ್ಲಿಯವರೆಗೆ ಹಾಗೇ ನಡೆಸುತ್ತೇನೆ ಎನ್ನುವ ಲೆಕ್ಕ 5600ರೊಂದಿಗೆ ನಡೆಯುವುದಿಲ್ಲ.

ಅಣ್ಣನ ರ‍್ಯಾಮನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಆ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ. ವೇಗ, ಎಷ್ಟು ಸ್ಲಾಟ್ ತುಂಬಿವೆ, ಆಕಾರ ಯಾವುದು ಎಲ್ಲವೂ ಅಲ್ಲೇ ಕಾಣುತ್ತದೆ. ಆಕಾರದ ಎದುರು ಡಿಐಎಂಎಂ ಎಂದಿರಬೇಕು. ಎಸ್‌ಒಡಿಐಎಂಎಂ ಎಂದಿದ್ದರೆ ಅದು ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ, ಬರುವುದಿಲ್ಲ. ಹೊಸ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ. ಪಕ್ಕಪಕ್ಕ ಹಾಕಿದರೂ ಕಂಪ್ಯೂಟರ್ ಏಳುತ್ತದೆ, ಆದರೆ ಎರಡು ಕಾಲುವೆಯಲ್ಲಿ ಹರಿಯಬೇಕಾದ ನೀರು ಒಂದರಲ್ಲೇ ಹರಿದಂತೆ ನಿಧಾನವಾಗುತ್ತದೆ. ಇನ್ನೊಂದು: 3200 ಎಂದು ಬರೆದ ಎಷ್ಟೋ ರ‍್ಯಾಮ್‌ಗಳು ಬಯಾಸಿನಲ್ಲಿ ಎಕ್ಸ್‌ಎಂಪಿ (ಬರೆದ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡುವವರೆಗೆ 2133 ಅಥವಾ 2400ರಲ್ಲೇ ನಡೆಯುತ್ತವೆ. ವರ್ಷಗಟ್ಟಲೆ ಹಾಗೇ ನಡೆಸಿದವರನ್ನು ನಾನು ನೋಡಿದ್ದೇನೆ.

ಈಗ ಆ ಎಸ್‌ಎಂಪಿಎಸ್ ವಿಷಯ. ನಿಮ್ಮ ಲೆಕ್ಕದಲ್ಲಿ 450 ಎಂಬ ಅಂಕಿ ಅಂಥ ಕಡಿಮೆಯದೇನೂ ಆಗಿರಲಿಲ್ಲ. ಆರ್‌ಟಿಎಕ್ಸ್ 4060 ಹೀರುವುದು 115 ವಾಟ್, 5600 ಪ್ರೊಸೆಸರಿನ ಅಧಿಕೃತ ಅಂಕಿ 65 ವಾಟ್, ಅದು ಪೂರ್ತಿ ದುಡಿಯುವಾಗ 76ರವರೆಗೆ ಹೋಗುತ್ತದೆ. ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿದರೂ 250ರ ಆಸುಪಾಸು. ತಯಾರಕರು ಈ ಕಾರ್ಡಿಗೆ 550 ವಾಟ್ ಶಿಫಾರಸು ಮಾಡುವುದು ದಿಢೀರ್ ಜಿಗಿತಗಳಿಗೆ ಜಾಗ ಇರಲಿ ಎಂದು. ತೊಂದರೆ ಇರುವುದು ಬೇರೆ ಕಡೆ. ಅಂಗಡಿಗೆ ಹೋದಾಗ ಆ ಡಬ್ಬಿಯನ್ನು ಮಗ್ಗುಲಿಗೆ ತಿರುಗಿಸಿ ಲೇಬಲ್ ಓದಿ. 3.3, 5, 12 ಎಂದು ವೋಲ್ಟುಗಳ ಕಾಲಮ್ಮುಗಳು, ಕೆಳಗೆ ಆಂಪಿಯರ್ ಇರುತ್ತವೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೊಟ್ಟೆ ತುಂಬಿಸಿಕೊಳ್ಳುವುದು 12 ವೋಲ್ಟಿನ ತಂತಿಯಿಂದ. ಅದರ ಕೆಳಗೆ 18 ಆಂಪಿಯರ್ ಎಂದಿದೆ ಎನ್ನಿ. 12ನ್ನು 18ರಿಂದ ಗುಣಿಸಿ: 216 ವಾಟ್. ಹೊರಗೆ ದಪ್ಪಕ್ಷರದಲ್ಲಿ 450, ಒಳಗೆ ನಿಮಗೆ ಬೇಕಾದ ಕಡೆ 216. ಹೆಸರುವಾಸಿ ಕಂಪನಿಯ 550 ವಾಟಿನ ಡಬ್ಬಿಯಲ್ಲಿ ಅದೇ ಜಾಗದಲ್ಲಿ 45 ಆಂಪಿಯರಿನ ಆಸುಪಾಸು ಇರುತ್ತದೆ, ಅಂದರೆ 540 ವಾಟ್. 80 ಪ್ಲಸ್ ಎಂಬ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಗುಣಮಟ್ಟಕ್ಕೆ ಪೂರ್ತಿ ಜಾಮೀನಾಗುವುದಿಲ್ಲ. ಆದರೂ ಅದೂ ಇಲ್ಲದ್ದನ್ನು ಮುಟ್ಟಲೇಬೇಡಿ. ಕಾರ್ಡಿಗೆ ಬೇಕಾದ 6+2 ಪಿನ್ನಿನ ಪಿಸಿಐಇ ತಂತಿಯೂ ಬೋರ್ಡಿಗೆ ಬೇಕಾದ 4+4 ಪಿನ್ನಿನ ಸಿಪಿಯು ತಂತಿಯೂ ಅದರಲ್ಲಿವೆಯೇ ಎಂದು ಎಣಿಸಿ. ನೋಡಲು ಎರಡೂ ಎಂಟು ಪಿನ್ನೇ, ಒಂದರ ಕೆಲಸಕ್ಕೆ ಇನ್ನೊಂದು ಬರದು.

ತಂತಿಯ ಮಾತು ಬಂದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತದೆ. ವಿಜಯಪುರದ ನಮ್ಮ ಮನೆಯಲ್ಲಿ ನಾನು ಎರಡನೇ ಕಂಪ್ಯೂಟರ್ ಜೋಡಿಸುವಾಗ ಎಸ್‌ಎಂಪಿಎಸ್ ಬದಲಿಸಿದೆ. ಹಳೆಯದೂ ಮಾಡ್ಯುಲರ್, ಅಂದರೆ ತಂತಿ ಕಳಚಿ ಹಾಕಬಹುದಾದದ್ದು, ಹೊಸದೂ ಹಾಗೇ. ಹಳೆಯ ತಂತಿಗಳು ಕ್ಯಾಬಿನೆಟ್ಟಿನ ಹಿಂದೆ ಅಂದವಾಗಿ ಕಟ್ಟಿಕೊಂಡಿದ್ದವು. ಅವನ್ನೇಕೆ ಬಿಚ್ಚುವುದು ಎಂದು ಹೊಸ ಡಬ್ಬಿಗೆ ಅವನ್ನೇ ಚುಚ್ಚಿದೆ, ಸರಿಯಾಗಿ ಕೂತವು ಕೂಡ. ಸ್ವಿಚ್ ಒತ್ತಿದಾಗ ಹಾರ್ಡ್ ಡಿಸ್ಕಿನಿಂದ ‘ಟಿಕ್’ ಎಂಬ ಒಂದು ಸದ್ದು, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ತಂತಿಯ ಡಿಸ್ಕಿನ ಕಡೆಯ ತುದಿಗೆ ಎಲ್ಲರೂ ಒಪ್ಪಿದ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಬ್ಬರು 5 ವೋಲ್ಟ್ ಇಟ್ಟ ತೂತಿನಲ್ಲಿ ಇನ್ನೊಬ್ಬರು 12 ಇಟ್ಟಿರಬಹುದು. ತಂಗಿಯ ಮದುವೆಯ ಫೋಟೋಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಆಕೆಗೆ ಇವತ್ತಿಗೂ ನನ್ನ ಕಂಪ್ಯೂಟರ್ ಜ್ಞಾನದ ಮೇಲೆ ಗೌರವವಿಲ್ಲ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ನೀವು ತಪ್ಪಿಲ್ಲ. 4060 ಎಂಟು ಲೇನುಗಳ ಕಾರ್ಡ್, ಅಂದರೆ ಬೋರ್ಡಿನೊಂದಿಗೆ ಎಂಟು ದಾರಿಗಳಲ್ಲಿ ಮಾಹಿತಿ ಸಾಗಿಸುತ್ತದೆ. ಬಿ550ರಲ್ಲಿ 5600ರ ಜೊತೆ ಆ ದಾರಿಗಳಿಗೆ ಪಿಸಿಐಇ 4.0ರ ವೇಗ ಸಿಗುತ್ತದೆ. ಎ520 ಅಥವಾ ಬಿ450 ಬೋರ್ಡಾದರೆ 3.0ಕ್ಕೆ ಇಳಿಯುತ್ತದೆ, ನಷ್ಟ ಸಣ್ಣದು. ಕಾರ್ಡಿನ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ಕ್ಯಾಬಿನೆಟ್ಟಿನ ವಿವರದ ಜೊತೆ ತಾಳೆ ನೋಡಿ. ಒಂದೇ 4060ನ್ನು ಒಂದು ಫ್ಯಾನಿನ ಗಿಡ್ಡ ರೂಪದಲ್ಲೂ ಮೂರು ಫ್ಯಾನಿನ ಉದ್ದ ರೂಪದಲ್ಲೂ ಮಾರುತ್ತಾರೆ. ಎಸ್‌ಎಸ್‌ಡಿಗೆ ಬೋರ್ಡಿನಲ್ಲಿ ಎಂ.2 ಸ್ಲಾಟ್ ಇದ್ದರೆ ಸಾಲದು, ಅದು ಎನ್‌ವಿಎಂಇ ಎಂಬ ವೇಗದ ಬಗೆಯನ್ನು ಒಪ್ಪುವ ಸ್ಲಾಟ್ ಆಗಿರಬೇಕು. ಬಿ550ರಲ್ಲಿ ಪ್ರೊಸೆಸರಿಗೆ ಹತ್ತಿರದ ಸ್ಲಾಟ್ ಬಳಸಿ.

ಕ್ಯಾಬಿನೆಟ್ ಆರಿಸುವಾಗ ಬಣ್ಣದ ದೀಪಕ್ಕಿಂತ ಮೊದಲು ಮುಂಭಾಗ ನೋಡಿ. ಮುಂದೆ ಪೂರ್ತಿ ಗಾಜು ಇದ್ದರೆ ಗಾಳಿ ಎಲ್ಲಿಂದ ಬರಬೇಕು? ನಮ್ಮ ಕಡೆ ಏಪ್ರಿಲ್‌ನಲ್ಲಿ ಕೋಣೆಯೇ 40 ಡಿಗ್ರಿಗೆ ಕಾದಿರುವಾಗ ಕ್ಯಾಬಿನೆಟ್ಟಿನೊಳಗೆ ಅದಕ್ಕಿಂತ ತಂಪು ಇರುವ ಸಾಧ್ಯತೆಯೇ ಇಲ್ಲ. ಜಾಲರಿಯ ಮುಂಭಾಗ, ಕಳಚಿ ತೊಳೆಯಬಹುದಾದ ಧೂಳಿನ ಪರದೆ, ಇವೆರಡಿದ್ದರೆ ಸಾಕು. 5600ರ ಪೆಟ್ಟಿಗೆಯಲ್ಲೇ ಬರುವ ಕೂಲರ್ ನಡೆಯುತ್ತದೆ. ಎತ್ತರದ ಕೂಲರ್ ಕೊಳ್ಳುವಿರಾದರೆ ಅದರ ಎತ್ತರವನ್ನೂ ಕ್ಯಾಬಿನೆಟ್ಟಿನ ಅಂಕಿಯೊಂದಿಗೆ ಹೋಲಿಸಿ. ಮನೆಯ ಪ್ಲಗ್ಗಿನ ಮೂರನೇ ತೂತಿಗೆ ನಿಜಕ್ಕೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳಿಗೆ ‘ಜುಂ’ ಎಂದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಕರೆಂಟು ಹೋಗುವ ಭಯಕ್ಕೆ ಯುಪಿಎಸ್ ತರುವಾಗಲೂ ವಿ.ಎ. ಅಂಕಿಗೆ ಮರುಳಾಗಬೇಡಿ. 600 ವಿ.ಎ. ಎಂದರೆ ಸಾಮಾನ್ಯವಾಗಿ 360 ವಾಟ್, ಅದರಲ್ಲಿ ಮಾನಿಟರಿಗೂ ಪಾಲು ಹೋಗುತ್ತದೆ.

ಪಿಸಿಪಾರ್ಟ್‌ಪಿಕರ್‌ನಂಥ ಜಾಲತಾಣದಲ್ಲಿ ನಿಮ್ಮ ಪಟ್ಟಿ ಹಾಕಿದ್ದರೆ ಸಾಕೆಟ್ಟಿನ ತಪ್ಪನ್ನೂ ರ‍್ಯಾಮಿನ ತಪ್ಪನ್ನೂ ಅದು ಕ್ಷಣದಲ್ಲಿ ಹಿಡಿಯುತ್ತಿತ್ತು. ಬಳಸಿ. ಆದರೆ ಆ ಹೆಸರಿಲ್ಲದ ಎಸ್‌ಎಂಪಿಎಸ್ ಎಂಥದ್ದೆಂದು ಅದಕ್ಕೆ ತಿಳಿಯದು, ಲೇಬಲ್ಲನ್ನು ನೀವೇ ಓದಬೇಕು. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆಯಾಗುತ್ತದೆ ಎಂಬ ಮಾತಿಗೆ ಮರುಳಾದರೆ ವಾರಂಟಿಗೆ ಓಡಾಡುವಾಗ ಆ ಕಡಿಮೆಯೆಲ್ಲ ವಸೂಲಾಗುತ್ತದೆ.

ಎಲ್ಲ ಕೂಡಿಸಿ ಸ್ವಿಚ್ ಒತ್ತುವಾಗ ಮಾನಿಟರಿನ ತಂತಿ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದೆಯೇ ನೋಡಿ. ಬೋರ್ಡಿನ ಹಿಂದೆಯೂ ಅಂಥದ್ದೇ ಒಂದು ತೂತು ಇರುತ್ತದೆ, 5600ರಲ್ಲಿ ಅದು ಬರೀ ಅಲಂಕಾರ. ಮತ್ತೆ, ರ‍್ಯಾಮ್ ಕೀಳುವ ಮೊದಲು ಅಣ್ಣನನ್ನು ಒಂದು ಮಾತು ಕೇಳಿ. ಎರಡೂ ಪಟ್ಟಿ ಹೋದ ಮೇಲೆ ಅವನ ಕಂಪ್ಯೂಟರ್ ಏಳುವುದಿಲ್ಲ.