ಉತ್ತರ ಗೊತ್ತಿದ್ದೂ ಬಾಯಿ ಬಿಡದ ಮಕ್ಕಳು

ಕಾಸರಗೋಡಿನಲ್ಲಿ ಪದವಿ ತರಗತಿಗೆ ಪಾಠ ಮಾಡುವವಳು ನಾನು. ಮೊದಲ ಸೆಮಿಸ್ಟರಿನಲ್ಲಿ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳ ಮೇಲೆ ನನ್ನ ಕಣ್ಣು ಜಾಸ್ತಿ. ಅವರಲ್ಲಿ ಹಲವರು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ತುಳುವೋ ಹವ್ಯಕವೋ. ಇಲ್ಲಿ ಪುಸ್ತಕ ಇಂಗ್ಲಿಷ್, ವಿವರಣೆ ಹೆಚ್ಚಾಗಿ ಮಲಯಾಳ. ಗೆಳೆಯರ ತಮಾಷೆಗೂ ಒಂದು ಕ್ಷಣ ತಡವಾಗಿ ನಗಬೇಕಾಗುತ್ತದೆ. ಸಂಜೆ ಹೊತ್ತಿಗೆ ತಲೆ ಸೋತಿರುತ್ತದೆ.

ಒಬ್ಬಳು ಹುಡುಗಿ ಮೊದಲ ಪಿರಿಯಡಿಗೆ ದಿನಾ ತಡ. ರೆಕಾರ್ಡ್ ಬುಕ್ ಕೊಟ್ಟಿರಲಿಲ್ಲ. ಎಬ್ಬಿಸಿ ಪ್ರಶ್ನೆ ಕೇಳಿದೆ, ಸುಮ್ನೆ ನಿಂತಳು. ಎಲ್ಲರೆದುರು ಗದರಿಸಿದೆ. ಮಧ್ಯಾಹ್ನ ವರಾಂಡದಲ್ಲಿ ಸಿಕ್ಕಾಗ, "ಎಂತ ಆಯ್ತು ಮಗಾ?" ಅಂದೆ. "ಉತ್ತರ ಗೊತ್ತಿತ್ತು ಟೀಚರ್, ಬಾಯಿಗೆ ಬರಲಿಲ್ಲ" ಅಂದಳು. ಅಡಿಕೆಗೆ ಕೊಳೆರೋಗ ಬಂದು ಮನೆಯಲ್ಲಿ ಸಾಲದ ಮಾತು ನಡೆದಿತ್ತು. ಅವಳಿಗೆ ರಾತ್ರಿ ನಿದ್ದೆಯೇ ಇರಲಿಲ್ಲ. ಆ ಗದರಿಕೆ ನನ್ನ ತಪ್ಪು. ಇವತ್ತಿಗೂ ನೋವಾಗುತ್ತದೆ.

ಆತಂಕ ಹೆಚ್ಚಾದಾಗ ಮನಸ್ಸು ಒಂದೇ ಸಲ ಹಿಡಿದಿಟ್ಟುಕೊಳ್ಳುವ ವಿಷಯ ಕಡಿಮೆಯಾಗುತ್ತದೆ. ಓದಿದ್ದು ಇದ್ದರೂ ಕೈಗೆ ಸಿಗುವುದಿಲ್ಲ. ಅದರ ಮೇಲೆ ಬೇರೆ ಭಾಷೆಯಲ್ಲಿ ವಾಕ್ಯ ಕಟ್ಟಬೇಕು, ಅರವತ್ತು ಕಣ್ಣುಗಳೆದುರು. ಕಷ್ಟ ಅಲ್ವಾ?

ಈಗ ನಾನು ಪ್ರಶ್ನೆ ಕೇಳಿ ಎರಡು ನಿಮಿಷ ಕಾಯುತ್ತೇನೆ. ಪಕ್ಕದವರ ಜೊತೆ ಯಾವ ಭಾಷೆಯಲ್ಲಾದರೂ ಮಾತಾಡಿ, ಬರೆದುಕೊಂಡು, ಆಮೇಲೆ ಹೇಳಬಹುದು. ಪಾಠ ಇದರಿಂದ ಹಿಂದೆ ಬಿದ್ದಿಲ್ಲ.

ಮೊದಲಿನಿಂದಲೂ ಮಾತು ಕಡಿಮೆ ಇರುವವರು ಇದ್ದೇ ಇರುತ್ತಾರೆ. ನೋಡಬೇಕಾದ್ದು ಬದಲಾವಣೆಯನ್ನು. ನಗುತ್ತಿದ್ದವನು ಮೂಲೆ ಸೇರಿದ್ದು, ಪದೇ ಪದೇ ತಲೆನೋವು, ಹೊಟ್ಟೆನೋವು, ಊಟ ಬಿಡುವುದು. ಎರಡು ವಾರ ಹೀಗೇ ಇದ್ದರೆ ಒಬ್ಬರನ್ನೇ ಕರೆದು ಕೇಳಿ. "ಯಾಕೆ ತಡ?" ಅನ್ನುವುದಕ್ಕಿಂತ "ನಿದ್ದೆ ಬರ್ತದಾ?" ಅನ್ನುವುದು ಒಳ್ಳೆಯದು.

ಸಾಯುವ ಮಾತು ಬಂದರೆ ಗಾಬರಿಯಾಗಿ ಮಾತು ತಿರುಗಿಸಬೇಡಿ. ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಒಬ್ಬರನ್ನೇ ಬಿಡಲೂ ಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಕನ್ನಡದಲ್ಲೂ ಮಾತಾಡಬಹುದು. ನಮ್ಮ ಮಕ್ಕಳಿಗೆ ಇದು ದೊಡ್ಡ ವಿಷಯ. ಆದರೆ ನಂಬರ್ ಬರೆದುಕೊಟ್ಟು ಕಳಿಸಿದರೆ ಸಾಲದು. ಪಕ್ಕದಲ್ಲಿ ಕೂತು ಕರೆ ಮಾಡಿಸಿ. ಮುಂದಿನ ಪಿರಿಯಡ್ ಹೋದರೆ ಹೋಗಲಿ.