ಜ್ವರ ಬಿಟ್ಟ ಕುದುರೆಯ ಆರೈಕೆ

ಕುದುರೆಗೆ ಜ್ವರ ಇರುವಷ್ಟು ದಿನ ಮನೆಯವರೆಲ್ಲ ಎಚ್ಚರವಾಗಿಯೇ ಇರುತ್ತಾರೆ. ರಾತ್ರಿ ಎದ್ದು ಲಾಯಕ್ಕೆ ಹೋಗುತ್ತಾರೆ, ನೀರು ಮುಟ್ಟಿದೆಯಾ ಅಂತ ಬಗ್ಗಿ ನೋಡುತ್ತಾರೆ. ಜ್ವರ ಬಿಟ್ಟು, ಕಿವಿ ನಿಮಿರಿ, ಮೇವಿಗೆ ಬಾಯಿ ಹಾಕಿದ ದಿನದಿಂದ ಆ ಎಚ್ಚರ ಸಡಿಲವಾಗುತ್ತದೆ. ಪಶುವೈದ್ಯನಾಗಿ ನಾನು ಒಂದೇ ಕಾಯಿಲೆಗೆ ಎರಡನೇ ಸಲ ನೋಡಬೇಕಾಗಿ ಬಂದ ಕುದುರೆಗಳಲ್ಲಿ ಬಹಳಷ್ಟು, ಬೇಗ ಕೆಲಸಕ್ಕೆ ಇಳಿಸಿದ್ದರಿಂದಲೋ ಬೇಗ ಮೈ ತುಂಬಲಿ ಅಂತ ಕಾಳು ಸುರಿದಿದ್ದರಿಂದಲೋ ಮತ್ತೆ ಹಾಸಿಗೆ ಹಿಡಿದಂಥವು.

ಫ್ಲೂ ಬಂದ ಕುದುರೆಯನ್ನೇ ತೆಗೆದುಕೊಳ್ಳಿ. ಅದರ ಉಸಿರುನಾಳದ ಒಳಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿರುತ್ತವೆ. ಧೂಳು, ಕಫ, ರೋಗಾಣುಗಳನ್ನು ಮೇಲಕ್ಕೆ ತಳ್ಳಿ ಹೊರಹಾಕುವುದು ಇವುಗಳ ಕೆಲಸ. ವೈರಸ್ ಈ ಪದರವನ್ನೇ ಹಾಳುಮಾಡುತ್ತದೆ, ಅದು ಮತ್ತೆ ಬೆಳೆಯಲು ಸುಮಾರು 3 ವಾರ ಬೇಕು. ಜ್ವರ 3 ದಿನಕ್ಕೇ ಇಳಿದಿರಬಹುದು, ಕುದುರೆ ಅಂಗಳದಲ್ಲಿ ಕುಣಿಯುತ್ತಲೂ ಇರಬಹುದು, ಆದರೆ ಶ್ವಾಸಕೋಶಕ್ಕೆ ಆಗ ಕಾವಲೇ ಇರುವುದಿಲ್ಲ. ಆ ಹೊತ್ತಲ್ಲಿ ಓಡಿಸಿದರೆ ನ್ಯುಮೋನಿಯಾಗೆ ದಾರಿ ಮಾಡಿಕೊಟ್ಟ ಹಾಗೆ. ಅದಕ್ಕೇ ಜ್ವರ ಇದ್ದ ಒಂದೊಂದು ದಿನಕ್ಕೂ ಒಂದೊಂದು ವಾರ ವಿಶ್ರಾಂತಿ, ಎಷ್ಟೇ ಕಡಿಮೆ ಅಂದರೂ 3 ವಾರ ಅಂತ ಹೇಳುವುದು. ಇದರಲ್ಲಿ ಚೌಕಾಸಿ ಮಾಡಬೇಡಿ.

ಕೆಮ್ಮುವ ಕುದುರೆಗೆ ಒಣಹುಲ್ಲನ್ನು ನೀರಲ್ಲಿ ನೆನೆಸಿ ಕೊಡಿ. ನೆಲದ ಮಟ್ಟದಲ್ಲೇ ಇಡಿ, ತೂಗು ಹಾಕಬೇಡಿ. ತಲೆ ಕೆಳಗಾದಾಗಲೇ ಕಫ ಹೊರಗೆ ಹರಿಯುವುದು. ತಲೆ ಎತ್ತಿ ಗಿಡ್ಡ ಹಗ್ಗದಲ್ಲಿ ಗಂಟೆಗಟ್ಟಲೆ ಕಟ್ಟಿದರೆ ಆರೋಗ್ಯವಂತ ಕುದುರೆಗೂ ಶ್ವಾಸಕೋಶದ ಸೋಂಕು ತಗಲಬಹುದು. ಲಾಯ ಗುಡಿಸುವಾಗ ಕುದುರೆ ಒಳಗಿರಬಾರದು.

ಇನ್ನು ದಿನಾ ನೋಡಬೇಕಾದದ್ದು. ಒಂದು ಥರ್ಮಾಮೀಟರ್, ಒಂದು ಪುಸ್ತಕ, ಒಂದು ಪೆನ್ನು ಲಾಯದಲ್ಲೇ ಇರಲಿ. ದೊಡ್ಡ ಕುದುರೆಯ ಮೈ ಬಿಸಿ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ನಾಡಿ ನಿಮಿಷಕ್ಕೆ 28ರಿಂದ 44, ದವಡೆಯ ಕೆಳಗಿನ ಅಂಚಿನಲ್ಲಿ ಬೆರಳಿಟ್ಟರೆ ಸಿಗುತ್ತದೆ. ಉಸಿರು ನಿಮಿಷಕ್ಕೆ 8ರಿಂದ 16. ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳುಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಿ ಬರೆದಿಡಿ. ನಿಮ್ಮ ವೈದ್ಯರು ಫೋನಲ್ಲಿ ಕೇಳುವ ಮೊದಲ ಪ್ರಶ್ನೆಗಳು ಇವೇ, ಆಗ "ಸ್ವಲ್ಪ ಬಿಸಿ ಇದ್ದ ಹಾಗಿದೆ ಡಾಕ್ಟ್ರೇ" ಅನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನೀರು ಮತ್ತು ಲದ್ದಿ, ಇವೆರಡನ್ನೂ ಲೆಕ್ಕ ಇಡಿ. 500 ಕೆ.ಜಿ. ತೂಗುವ ಕುದುರೆ ದಿನಕ್ಕೆ 25 ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದರೆ, ಅದೂ ಒಣಮೇವು ತಿನ್ನುತ್ತಿದ್ದರೆ, ಕರುಳಲ್ಲಿ ಮೇವು ಗಟ್ಟಿಯಾಗಿ ಸಿಕ್ಕಿಕೊಳ್ಳುವ ಭಯವಿದೆ. ಬಯಲಲ್ಲಿ ಓಡಾಡಿಕೊಂಡಿದ್ದ ಕುದುರೆಯನ್ನು ಏಕಾಏಕಿ ಲಾಯದಲ್ಲಿ ಕೂಡಿಹಾಕಿದಾಗ ಇದು ಜಾಸ್ತಿ, ಯಾಕೆಂದರೆ ನಡೆದಾಟ ನಿಂತರೆ ಕರುಳೂ ನಿಧಾನವಾಗುತ್ತದೆ. ಬಕೆಟ್‌ನಲ್ಲೇ ನೀರಿಡಿ, ಎಷ್ಟು ಇಳಿಯಿತು ಅಂತ ಕಾಣುತ್ತದೆ. ಚಳಿಯಲ್ಲಿ ಬೆಚ್ಚಗಿನ ನೀರಿಟ್ಟರೆ ಹೆಚ್ಚು ಕುಡಿಯುತ್ತವೆ. ಲವಣ ಬೆರೆಸಿದ ನೀರು ಕೊಡುವುದಾದರೆ ಪಕ್ಕದಲ್ಲಿ ಬರೀ ನೀರೂ ಇರಲೇಬೇಕು. ಲದ್ದಿ ಕಡಿಮೆಯಾದರೆ, ಉಂಡೆ ಚಿಕ್ಕದಾಗಿ ಒಣಗಿ ಲೋಳೆ ಸುತ್ತಿಕೊಂಡಿದ್ದರೆ ಸಂಜೆವರೆಗೆ ಕಾಯಬೇಡಿ, ಫೋನ್ ಮಾಡಿ.

ಮೇವಿನ ವಿಷಯದಲ್ಲಿ ಪ್ರೀತಿಯೇ ಅಪಾಯ ತರುತ್ತದೆ. ಸೊರಗಿದ ಕುದುರೆ ನೋಡಿದರೆ ಯಾರಿಗಾದರೂ ಬುಟ್ಟಿ ತುಂಬ ಕಾಳು ಹಾಕೋಣ ಅನ್ನಿಸುತ್ತದೆ, ಅಲ್ವಾ? ತುಂಬಾ ದಿನ ಹೊಟ್ಟೆಗಿಲ್ಲದೆ ಎಲುಬು ಕಾಣುವ ಹಾಗಾದ ಕುದುರೆಗೆ ಹಾಗೆ ಮಾಡಿದರೆ ಅದು ಸಾಯಬಹುದು. ಪಿಷ್ಟ ಹೊಟ್ಟೆಗೆ ಬಿದ್ದೊಡನೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿರುವ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶಗಳೊಳಗೆ ನುಗ್ಗುತ್ತವೆ, ರಕ್ತದಲ್ಲಿ ಅವು ಬರಿದಾದಾಗ ಹೃದಯ, ಉಸಿರಾಟ ಎರಡೂ ಕೈಕೊಡುತ್ತವೆ. ಅಂಥ ಕುದುರೆಗೆ ಮೊದಲ 3 ದಿನ ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಸುಮಾರು ಅರ್ಧ ಕೆ.ಜಿ.ಯಂತೆ 4 ಗಂಟೆಗೊಮ್ಮೆ ಕೊಡುವುದು ಒಳ್ಳೆಯ ಕ್ರಮ. ಆಮೇಲೆ ಒಂದು ವಾರದಲ್ಲಿ ಮೆಲ್ಲಗೆ ಹೆಚ್ಚಿಸುತ್ತಾ ಹೋಗಬೇಕು. ಕಾಳು ಬೇಡ, ಎಣ್ಣೆಯೂ ಬೇಡ. ನಿಂತು ಕಾಯುವುದು ಕಷ್ಟ, ನನಗೆ ಗೊತ್ತು.

ಪೋನಿ ಮತ್ತು ಕತ್ತೆಗಳ ಕಥೆ ಬೇರೆ. ಅವು ಮೇವು ಬಿಟ್ಟರೆ ಮೈಯ ಕೊಬ್ಬು ರಕ್ತಕ್ಕೆ ಇಳಿದು ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ. ದಪ್ಪಗಿರುವ ಪೋನಿ ಒಂದು ದಿನ ತಿನ್ನದಿದ್ದರೂ ಸುಮ್ನೆ ಬಿಡಬೇಡಿ.

ನೋವಿನ ಔಷಧಿಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕಾದ ಮಾತಿದೆ. ಫ್ಲೂನಿಕ್ಸಿನ್, ಫಿನೈಲ್‌ಬ್ಯುಟಜೋನ್ ಎರಡೂ ಒಳ್ಳೆಯ ಔಷಧಿಗಳೇ. ಆದರೆ ಎರಡನ್ನೂ ಒಟ್ಟಿಗೆ ಕೊಡುವುದು, ನೋವು ಹೋಗಲಿಲ್ಲ ಅಂತ ಇನ್ನೊಂದು ಡೋಸ್ ಹಾಕುವುದು, ನೀರು ಕುಡಿಯದ ಕುದುರೆಗೆ ಕೊಡುವುದು, ಇವು ಹೊಟ್ಟೆ ಹುಣ್ಣು ತರುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಇನ್ನೊಂದು ಅಪಾಯವೂ ಇದೆ: ಔಷಧಿ ನೋವನ್ನು ಮುಚ್ಚಿಟ್ಟಾಗ ಹೊಟ್ಟೆಯೊಳಗೆ ತಿರುಚಿಕೊಂಡ ಕರುಳು ಗೊತ್ತೇ ಆಗುವುದಿಲ್ಲ, ಆಪರೇಷನ್‌ಗೆ ಇದ್ದ ಸಮಯ ಕಳೆದುಹೋಗುತ್ತದೆ.

ಹೊಟ್ಟೆನೋವಿಗೆ ಬಾಟಲಿಯಲ್ಲೋ ಗೊಟ್ಟದಲ್ಲೋ ಎಣ್ಣೆ ಕುಡಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಆ ಕುದುರೆಯನ್ನು ಉಳಿಸುವುದು ತುಂಬಾ ಕಷ್ಟ. ಎಣ್ಣೆ ಬೇಕಿದ್ದರೆ ವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ಹಾಕುತ್ತಾರೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ತುಂಬಿ ಬಿಗಿದಾಗ ಅದನ್ನು ಇಳಿಸುವುದಕ್ಕೂ ಆ ಕೊಳವೆಯೇ ಬೇಕು.

ದೊಡ್ಡ ಜ್ವರ, ಭೇದಿ, ಸತ್ತೆ (ಮಾಸು) ಬೀಳದೆ ಉಳಿದ ಬಾಣಂತಿ ಕುದುರೆ, ಇವುಗಳಲ್ಲಿ ಗೊರಸನ್ನು ದಿನಾ ಮುಟ್ಟಿ ನೋಡಿ. ಗೊರಸು ಬಿಸಿಯಾಗಿ, ಅದರ ಮೇಲಿನ ಕೀಲಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದ್ದರೆ, ಕುದುರೆ ಮುಂಗಾಲು ಮುಂದೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಂತರೆ ಅದು ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ. ನಡೆಸಬೇಡಿ. ಗೊರಸು ಮುಳುಗುವಷ್ಟು ಐಸ್ ನೀರಲ್ಲಿ ನಿಲ್ಲಿಸಿ, ವೈದ್ಯರನ್ನು ಆ ಕ್ಷಣವೇ ಕರೆಸಿ.

ಅಂಟುರೋಗದ ಅನುಮಾನವಿದ್ದರೆ ಬೇರೆ ಇಡಬೇಕು ನಿಜ, ಆದರೆ ಇನ್ನೊಂದು ಕುದುರೆ ದೂರದಿಂದ ಕಣ್ಣಿಗೆ ಬೀಳುವಂತಿರಲಿ. ಒಂಟಿಯಾದ ಕುದುರೆ ಮೇವು ಬಿಡುತ್ತದೆ. ಬಕೆಟ್, ಹಗ್ಗ, ಬ್ರಷ್ ಅದಕ್ಕೇ ಬೇರೆ ಇರಲಿ, ಅದರ ಕೆಲಸ ಕೊನೆಗೆ ಮಾಡಿ. ಉಳಿದ ಕುದುರೆಗಳಿಗೂ ದಿನಕ್ಕೆ ಎರಡು ಸಲ ಜ್ವರ ನೋಡಿ.

ವಿಶ್ರಾಂತಿಯ ಲೆಕ್ಕ ಮುಗಿದ ಮೇಲೆ ಕೈಯಲ್ಲಿ ಹಿಡಿದು 10 ನಿಮಿಷ ನಡೆಸುವುದರಿಂದ ಶುರುಮಾಡಿ. ಕೆಲವು ದಿನಗಳಲ್ಲಿ ಅದನ್ನು ಅರ್ಧ ಗಂಟೆಗೆ ಏರಿಸಿ, ಆಮೇಲೆ ಸವಾರಿ, ಅದೂ ನಡಿಗೆಯಲ್ಲೇ. ನಡೆದು ಬಂದ ಮೇಲೆ ಉಸಿರು, ನಾಡಿ ಎಷ್ಟು ಬೇಗ ಮಾಮೂಲಿಗೆ ಬರುತ್ತದೆ ಅಂತ ಅದೇ ಪುಸ್ತಕದಲ್ಲಿ ಬರೆಯಿರಿ. ಕೆಮ್ಮು ಕೇಳಿಸಿದರೆ ಮತ್ತೆ ಲಾಯಕ್ಕೆ ಕಟ್ಟಿ, ಮರುದಿನ ಬೆಳಿಗ್ಗೆ ಥರ್ಮಾಮೀಟರ್ ಹಿಡಿದೇ ಒಳಗೆ ಹೋಗಿ.