ಕೋಡಂಗಿಯಿಂದ ಗ್ರ್ಯಾಂಡ್ ಫಿನಾಲೆಗೆ

ಕರಾವಳಿಯ ಮಕ್ಕಳು ವೇದಿಕೆ ಏರಲು ಟಿ.ವಿ. ಬರುವವರೆಗೆ ಕಾಯಲಿಲ್ಲ. ಯಕ್ಷಗಾನ ಮೇಳ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ, ಅಂದರೆ ಪ್ರಸಂಗ ಶುರುವಾಗುವ ಮುನ್ನ, ಕೋಡಂಗಿಯಾಗಿ ಕುಣಿಯುತ್ತಿದ್ದ. ಹೆಜ್ಜೆ ಗಟ್ಟಿಯಾದ ಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ತರುಣ ವೀರರ ಪುಂಡುವೇಷ. ತಾಳ ತಪ್ಪಿದರೆ ಬಣ್ಣ ಹಚ್ಚುವ ಚೌಕಿಯಲ್ಲಿ ಬೈಗುಳ, ಮರುದಿನ ಮತ್ತೆ ಗೆಜ್ಜೆ. ಮೇಳದ ಬದುಕು ಸುಖದ್ದೇನಲ್ಲ. ಶಾಲೆ ಬಿಟ್ಟು, ನಿದ್ದೆಗೆಟ್ಟು ಕಲಿತವರು ಎಷ್ಟೋ ಮಂದಿ. ಆದರೆ ಒಂದು ರಾತ್ರಿಯ ತಪ್ಪಿಗೆ ಹೊರಹಾಕುವ ಪದ್ಧತಿ ಅಲ್ಲಿರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಬಂತು. ಅದರ ಧ್ವನಿಪರೀಕ್ಷೆಯಲ್ಲಿ ಫೇಲಾದರೆ ಗೊತ್ತಾಗುತ್ತಿದ್ದದ್ದು ಮನೆಯವರಿಗೆ ಮಾತ್ರ.

ಸೋಲು ಊರಿಗೆಲ್ಲ ಕಾಣುವ ಸಂಗತಿಯಾದದ್ದು ಟಿ.ವಿ.ಯಿಂದ. 1995ರಲ್ಲಿ ಹಿಂದಿಯ ಹಾಡಿನ ಸ್ಪರ್ಧೆ ‘ಸ ರೆ ಗ ಮ’ ಬಂತು. ಕನ್ನಡದಲ್ಲಿ ಈಟಿವಿಯ ‘ಎದೆ ತುಂಬಿ ಹಾಡುವೆನು’ ಮನೆಮಾತಾಯಿತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳ ತಪ್ಪನ್ನು ತಾವೇ ಹಾಡಿ ತಿದ್ದುತ್ತಿದ್ದರು. 2004ರ ‘ಇಂಡಿಯನ್ ಐಡಲ್’ ಹೊತ್ತಿಗೆ ವೀಕ್ಷಕರ ಓಟು ಸೇರಿಕೊಂಡಿತು. ನನ್ನ ಪ್ರಕಾರ ದೊಡ್ಡ ತಿರುವು ಅದೇ. ಹಾಡಿನ ಜೊತೆ ಊರು, ಜಾತಿ, ಭಾಷೆಯ ಅಭಿಮಾನವೂ ಕಣಕ್ಕಿಳಿಯಿತು. ‘ನಮ್ಮೂರ ಪ್ರತಿಭೆಯನ್ನು ಗೆಲ್ಲಿಸಿ’ ಎಂಬ ಫ್ಲೆಕ್ಸ್ ಜಂಕ್ಷನ್ನಿಗೆ ಬಂತು: ಮಗುವಿನ ನಗುಮುಖ, ಕೆಳಗೆ ಎಸ್‌ಎಂಎಸ್ ನಂಬರು, ಅಂಚಿನುದ್ದಕ್ಕೂ ಶುಭ ಕೋರುವವರ ಸಾಲು ಫೋಟೊಗಳು. ಸೋತು ಬಂದ ಮಗು ಶಾಲೆಗೆ ಹೋಗಬೇಕಾದದ್ದೂ ಅದೇ ಜಂಕ್ಷನ್ ದಾಟಿಕೊಂಡೇ.

ಒಳ್ಳೆಯದು ಆಗಿಲ್ಲವೆಂದಲ್ಲ. ಶಿಫಾರಸು ಇಲ್ಲದ, ದುಡ್ಡಿಲ್ಲದ ಮನೆಯ ಮಕ್ಕಳಿಗೆ ಬಾಗಿಲು ತೆರೆಯಿತು. ಮಂಗಳೂರಿನ ‘ನಮ್ಮ ಟಿವಿ’ ವಾಹಿನಿಯ ‘ಬಲೆ ತೆಲಿಪಾಲೆ’ ತುಳು ಹಾಸ್ಯವನ್ನು ಸ್ಪರ್ಧೆಯಾಗಿಸಿ ಹೊಸಬರಿಗೆ ಜಾಗ ಕೊಟ್ಟಿತು.

ಕಾನೂನು ಮಾತ್ರ ತಡವಾಗಿ ಎದ್ದಿತು. 2008ರಲ್ಲಿ ಬಂಗಾಳಿ ರಿಯಾಲಿಟಿ ಶೋ ಒಂದರಲ್ಲಿ ತೀರ್ಪುಗಾರರಿಂದ ಬೈಸಿಕೊಂಡ ಹದಿಹರೆಯದ ಸ್ಪರ್ಧಿಯೊಬ್ಬಳ ಮಾತೇ ನಿಂತುಹೋಯಿತೆಂದು ಹೆತ್ತವರು ದೂರಿದರು. ಚಿಕಿತ್ಸೆಗೆ ಕರೆತಂದದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ. ದೇಶವಿಡೀ ಚರ್ಚೆಯಾಯಿತು, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ರೂಪಿಸಿತು. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ ಮತ್ತು 2017ರ ನಿಯಮಗಳಿಂದ ಅದಕ್ಕೆ ಹಲ್ಲು ಬಂತು. 14 ವರ್ಷದೊಳಗಿನ ಮಗುವಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೂಡದು, ಬಿಡುವಿಲ್ಲದೆ 3 ಗಂಟೆ ಮೀರಬಾರದು, ಸತತ 27 ದಿನ ದಾಟಬಾರದು. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ಠೇವಣಿಯಾಗಬೇಕು.

ತೊಡಕು ಇರುವುದು ಮಗುವನ್ನು ಚಿತ್ರೀಕರಣಕ್ಕೆ ಬಳಸಲು ಪಡೆಯಬೇಕಾದ ಅನುಮತಿಯಲ್ಲಿ. ಅದನ್ನು ಕೊಡಬೇಕಾದವರು ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿ. ಉಡುಪಿಯ ಮಗು ಬೆಂಗಳೂರಿನ ಸ್ಟುಡಿಯೊದಲ್ಲಿ ಹಾಡಿದರೆ ಕಡತ ಇರುವುದು ಬೆಂಗಳೂರಿನಲ್ಲಿ, ಹಾಜರಿ ಪುಸ್ತಕ ಇರುವುದು ಉಡುಪಿಯ ಶಾಲೆಯಲ್ಲಿ. ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿಳಿಯುವ ಗಂಟೆಗಳು ಆ ಐದು ಗಂಟೆಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ಶೋ ಮುಗಿದ ಮೇಲೆ ಆ ಮಗು ಊಟ ಬಿಟ್ಟಿತೇ, ಶಾಲೆಗೆ ಹೋಗಲು ಹಿಂಜರಿಯಿತೇ ಎಂದು ಕೇಳುವ ಹೊಣೆ ಯಾರದ್ದೂ ಅಲ್ಲ ಎಂಬಂತಾಗಿದೆ. ಅನುಮತಿ ಪತ್ರದ ಒಂದು ಪ್ರತಿ ಮಗುವಿನ ಶಾಲೆಗೂ ಅದರ ಸ್ವಂತ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೂ ತಲುಪುವ ಕ್ರಮ ಕಡ್ಡಾಯವಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನಿಯಮಕ್ಕೆ ಒಂದು ಸಾಲು ಸೇರಿಸಿದರೆ ಸಾಕು.